ಅಳಿವೆ ಬಾಯಿಯ ಓಪನರ್

ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವಾಗ ಹೆಗಲ ಮೇಲಿನ ಬೈರಾಸು ಟವೆಲಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೂರುವ ಮನುಷ್ಯನನ್ನು ನನ್ನ ಜೀವಮಾನದಲ್ಲಿ ನಾನು ಒಬ್ಬರನ್ನೇ ಕಂಡದ್ದು. ಈ ಸಲದ ಮಳೆಗಾಲಕ್ಕೆ ಅವರಿಲ್ಲ. ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ ಗಂಜಿ ಉಂಡು ಚಾವಡಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ. ಫ್ಯಾನು ಕಳಚಿ ಬಿದ್ದೀತೆಂದು ಅದರ ಅಡಿಯಲ್ಲಿ ಎಂದೂ ಮಲಗದವರು, ಗ್ಯಾಸಿನ ಗುಬುಟು ತಿರುಗಿಸಿದೆಯೋ ಇಲ್ಲವೋ ಎಂದು ಬಸ್‌ ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋಗುತ್ತಿದ್ದವರು, ಕೊನೆಗೆ ಒಂದು ಸಣ್ಣ ಗಾಬರಿಯೂ ಇಲ್ಲದೆ ಹೋಗಿಬಿಟ್ಟರು. ನನಗೆ ಅದನ್ನು ಈಗಲೂ ನಂಬಲಾಗುವುದಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಆಗಿಬರುತ್ತಿರಲಿಲ್ಲ. ನಮ್ಮ ಕೇರಿಯ ತಂಡ ಕಪ್ ಗೆದ್ದ ದಿನ ತೆಗೆದ ಫೋಟೊದಲ್ಲಿ ಎಲ್ಲರ ಹಲ್ಲೂ ಕಾಣುತ್ತದೆ, ಅವರ ಮುಖ ಮಾತ್ರ ಬ್ಯಾಟಿನ ಹಿಂದೆ. ಯಾರಾದರೂ ಕಣ್ಣು ಹಾಕಿಯಾರು ಎಂಬ ಭಯ. ನಾನು ಅವರನ್ನು ಅಣ್ಣಯ್ಯ ಎನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಇರಲಿ. ರಕ್ತಸಂಬಂಧ ಏನೂ ಇಲ್ಲ. ಹರೆಯದಲ್ಲಿ ನಾವಿಬ್ಬರೂ ತಂಡದ ಓಪನರುಗಳು. ಆಮೇಲೆ ಅವರು ನಾಡದೋಣಿಯ ತಾಂಡೇಲರಾದರು, ಅಂದರೆ ಚುಕ್ಕಾಣಿ ಹಿಡಿದು ದೋಣಿಯನ್ನೂ ಅದರಲ್ಲಿರುವ ಜನರನ್ನೂ ಮನೆಗೆ ತರುವ ಜವಾಬ್ದಾರಿಯವರು. ನಾನು ಮರವಂತೆಯಲ್ಲಿ ಟಿ.ವಿ., ಮಿಕ್ಸಿ ರಿಪೇರಿಯ ಅಂಗಡಿ ಹಾಕಿದೆ. ಅವರ ಮನೆ ಅಳಿವೆಯ ಪಕ್ಕದಲ್ಲಿ, ನದಿ ಕಡಲಿಗೆ ಸೇರುವ ಬಾಯಿಯ ಹತ್ತಿರ. ಮನೆಯ ಹಿಂದೆ ಕಡಲ್ಕೊರೆತಕ್ಕೆಂದು ಪೇರಿಸಿದ ಕಲ್ಲಿನ ತಡೆಗೋಡೆ. ಅದರ ಮೇಲೆ ಹತ್ತಿ ನಿಂತರೆ ಅಳಿವೆ ಪೂರ್ತಿ ಕಾಣುತ್ತದೆ. ಅವರು ಮಾತ್ರ ಬಹಳ ವರ್ಷ ಅದರ ಮೇಲೆ ಹತ್ತಿರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ನಮ್ಮ ಕಾಲದ ಟೆನಿಸ್ ಬಾಲ್ ಟೂರ್ನಮೆಂಟುಗಳೇ ನಮಗೆ ವಿದೇಶ ಪ್ರವಾಸ. ಇಳಿತದ ಹೊತ್ತಿಗೆ ಕಡಲು ಬಿಟ್ಟುಕೊಟ್ಟ ಒದ್ದೆ ಮರಳಿನಲ್ಲಿ ಆಡಿ ಬೆಳೆದವರು ನಾವು. ಅಲ್ಲಿ ಚೆಂಡು ಏಳುವುದೇ ಇಲ್ಲ, ನೆಲ ಹಿಡಿದು ಜಾರಿಕೊಂಡು ಬರುತ್ತದೆ. ಶಂಕರನಾರಾಯಣಕ್ಕೆ ಆಡಲು ಹೋಗುವಾಗ ಹಾಲಾಡಿ ಜಂಕ್ಷನ್ ದಾಟುತ್ತಿದ್ದಂತೆ ಟೆಂಪೊದಲ್ಲಿ ಮಾತು ನಿಂತುಹೋಗುತ್ತಿತ್ತು. ಅಲ್ಲಿನ ಮೈದಾನ ಬರೀ ಗಟ್ಟಿ ಮುರಕಲ್ಲು. ಚೆಂಡು ಮೂಗಿನ ಮಟ್ಟಕ್ಕೆ ಹಾರುವುದು ಗ್ಯಾರಂಟಿ. ಆದರೂ ಅಲ್ಲಿ ನಾವು ಗೆಲ್ಲುತ್ತಿದ್ದೆವು. ಬ್ರಹ್ಮಾವರದ ಕಡೆ ಕೊಯ್ಲಾದ ಗದ್ದೆಯಲ್ಲಿ ಆಡಲು ಹೋದರೆ ನೋಡಲು ನಮ್ಮ ಮರಳಿನ ಹಾಗೆಯೇ ಸಪಾಟು, ಚೆಂಡು ಮೆತ್ತಗೆ ಬರುತ್ತದೆ, ಟೆಂಪೊದಲ್ಲಿ ಹಾಡು, ಕೇಕೆ. ಅಲ್ಲಿ ಊಟದ ಹೊತ್ತಿಗೆ ಒಬ್ಬರನ್ನು ಬಿಟ್ಟು ಎಲ್ಲರೂ ಔಟಾಗಿ ಸಾಲಾಗಿ ಕೂತಿರುತ್ತಿದ್ದೆವು. ಬೆಳಗಿನ ಇಬ್ಬನಿಗೋ, ಗದ್ದೆಯ ಕೂಳೆಗೋ, ಚೆಂಡು ಕೊನೇ ಗಳಿಗೆಯಲ್ಲಿ ಒಂದಿಷ್ಟೇ ಇಷ್ಟು ವಾಲುತ್ತಿತ್ತು.

ನಾನು ಹೊಡೆಯುವವನು. ಅವರು ಬಿಡುವವರು. ಆಫ್ ಸ್ಟಂಪಿನ ಹೊರಗೆ ಬಂದದ್ದನ್ನೆಲ್ಲ ಬ್ಯಾಟೆತ್ತಿ ಬಿಟ್ಟು, ಚೆಂಡು ಹೋದ ದಾರಿಯನ್ನೇ ನೋಡುತ್ತಾ ನಿಲ್ಲುವರು. ಕೆಲವೇ ಓವರುಗಳ ಪಂದ್ಯದಲ್ಲಿ ಚೆಂಡು ಬಿಟ್ಟರೆ ಯಾರಿಗೆ ತಡೆದೀತು? ನಮ್ಮ ಕಡೆಯವರೇ ಬೌಂಡರಿಯಲ್ಲಿ ಕೂತು, "ಹ್ವಾಯ್, ಚೆಂಡ್ ಕಚ್ಚತಿಲ್ಲೆ, ಮುಟ್ಟ್!" ಎಂದು ಕೂಗುತ್ತಿದ್ದರು. ಅವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಬೈರಾಸನ್ನು ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ಆಡುತ್ತಿದ್ದರು, ಓವರ್ ಮುಗಿದಾಗ ಅದರಲ್ಲಿ ಅಂಗೈ ಒರೆಸಿಕೊಳ್ಳುತ್ತಿದ್ದರು. ಅಂಗೈ ಯಾವಾಗಲೂ ಒದ್ದೆ. ಗದ್ದೆಯ ಪಂದ್ಯದಲ್ಲೂ ಅವರ ವಿಕೆಟ್ ಮಾತ್ರ ಉಳಿದಿರುತ್ತಿತ್ತು, ಅದರಿಂದ ತಂಡಕ್ಕೆ ಮೂರು ಕಾಸಿನ ಪ್ರಯೋಜನವಾಗುತ್ತಿರಲಿಲ್ಲ ಎಂದು ನಾನು ಅವರ ಮುಖಕ್ಕೇ ಹೇಳಿದ್ದೇನೆ.

ನಮ್ಮ ಜಗಳ ಅಲ್ಲಿಂದಲೇ ಶುರು. ಅದು ಮುಂದೆ ಟಿ.ವಿ.ಯ ಎದುರಿಗೆ ಬಂತು.

ಕರಾವಳಿಯವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯಿದೆ. ಆಸ್ಟ್ರೇಲಿಯಾದ ಟೆಸ್ಟು ನಮಗೆ ಬರುವುದು ಚಳಿಗಾಲದ ಬೆಳಗಿನ ಜಾವ. ಆಗ ಕಡಲು ಎಣ್ಣೆ ಸುರಿದ ಹಾಗೆ ಸುಮ್ಮನಿರುತ್ತದೆ, ದೋಣಿ ಹೋಗುತ್ತದೆ, ಬರುತ್ತದೆ, ಯಾರಿಗೂ ಚಿಂತೆಯಿಲ್ಲ. ಇಂಗ್ಲೆಂಡಿನ ಟೆಸ್ಟು ಬರುವುದು ಮಳೆಗಾಲದ ಮಧ್ಯಾಹ್ನ. ಆಗ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ. ಕಡಲು ಒಂಚೂರು ಉಸಿರು ಬಿಟ್ಟ ದಿನ ನೋಡಿ ನಾಡದೋಣಿಯವರು ಮಾತ್ರ ಇಳಿಯುತ್ತಾರೆ, ಇಳಿದವರು ಬರುವ ತನಕ ಮನೆಯಲ್ಲಿ ಯಾರ ಹೊಟ್ಟೆಗೂ ಅನ್ನ ಇಳಿಯುವುದಿಲ್ಲ. ಅಣ್ಣಯ್ಯನಿಗೆ ಈ ಎರಡೂ ಒಂದೇ ಹೆದರಿಕೆಯಾಗಿ ಬೆರೆತುಹೋಗಿತ್ತು. ಮೊದಲು ಅವರು ಹೆದರುತ್ತಿದ್ದುದು ತಮ್ಮ ದೋಣಿಯ ಜನಕ್ಕಾಗಿ. ಬೆನ್ನುನೋವು ಜಾಸ್ತಿಯಾಗಿ ಚುಕ್ಕಾಣಿಯನ್ನು ಮಗನಿಗೆ ಕೊಟ್ಟ ಮೇಲೆ ಮಗನಿಗಾಗಿ. ಒಬ್ಬನೇ ಮಗ. ಗಟ್ಟಿಮುಟ್ಟಾದ ಹುಡುಗ, ಬಾಯಲ್ಲಿ ಯಾವಾಗಲೂ ನಗು, ಆಟದಲ್ಲಿ ನನ್ನ ಪಕ್ಷದವನು. ಬಂದ ಚೆಂಡಿಗೆಲ್ಲ ಬ್ಯಾಟು ಬೀಸುವವನು.

"ನಮ್ಮವರು ಆಸ್ಟ್ರೇಲಿಯಾದಲ್ಲಿ ಅಷ್ಟು ಚೆನ್ನಾಗಿ ಆಡಿ ಬಂದು ಇಂಗ್ಲೆಂಡಿನಲ್ಲಿ ಯಾಕೆ ಮಗುಚಿ ಬೀಳುತ್ತಾರೆ?" ಇದು ನಾನು ಪ್ರತಿ ಸಲ ಕೇಳುತ್ತಿದ್ದ ಪ್ರಶ್ನೆ. ನನಗೆ ನನ್ನದೇ ಉತ್ತರವಿತ್ತು. ಆಸ್ಟ್ರೇಲಿಯಾದ ನೆಲ ಗಟ್ಟಿ, ಚೆಂಡು ಎತ್ತರ ಬರುತ್ತದೆ, ಆದರೆ ಹೇಳಿದ ಹಾಗೆ ಬರುತ್ತದೆ. ಬಿಸಿಲಿಗೆ ಅದರ ಹೊಳಪೂ ಹೊಲಿಗೆಯೂ ಬೇಗ ಸಾಯುತ್ತವೆ. ಮೊದಲ ಗಂಟೆ ತಾಳಿಕೊಂಡರೆ ಆಮೇಲೆ ದಿನ ಬ್ಯಾಟ್ಸ್‌ಮನ್ನಿನದು. ಇಂಗ್ಲೆಂಡಿನಲ್ಲಿ ಹೊಲಿಗೆ ಸಾಯುವುದಿಲ್ಲ, ಮೋಡ ಮುಚ್ಚಿದರೆ ಹಳೇ ಚೆಂಡೂ ತಿರುಗಿ ಜೀವ ಪಡೆಯುತ್ತದೆ, ಬ್ಯಾಟಿನ ಹತ್ತಿರ ಬಂದ ಮೇಲೆ ವಾಲುತ್ತದೆ. ನ್ಯೂಜಿಲೆಂಡಿನಲ್ಲಿ ಗಾಳಿ, ಹುಲ್ಲು. ಇಪ್ಪತ್ತು ಓವರಿನ ಆಟದಲ್ಲಿ ಕೈ ಮುಂದೆ ಚಾಚಿ ಹೊಡೆದು ಅಭ್ಯಾಸವಾದವರಿಗೆ ಅದು ದಕ್ಕುವುದಿಲ್ಲ. ಇದಿಷ್ಟು ನನ್ನ ವಾದ, ಟಿ.ವಿ.ಯಲ್ಲಿ ಕೋಟು ಹಾಕಿಕೊಂಡವರೂ ಇದನ್ನೇ ಹೇಳುತ್ತಾರೆ.

ಅಣ್ಣಯ್ಯ ತಲೆಯಾಡಿಸುತ್ತಿದ್ದರು. ಆಮೇಲೆ ಬೈರಾಸನ್ನು ಬಾಯಿಂದ ತೆಗೆದು ಹೇಳುತ್ತಿದ್ದರು:

"ಅದೆಲ್ಲ ಸಮ, ಇಲ್ಲೆ ಅಂತಿಲ್ಲೆ. ಆರೆ ಒಂದ್ ಕೇಣ್. ಆಸ್ಟ್ರೇಲಿಯಕ್ಕೆ ಇವ್ರ್ ಇಲ್ಲಿಂದ್ಲೇ ಹೆದ್ರಕಂಡ್ ಹೋತ್ರ್. ಚೆಂಡ್ ಮೂಗಿಗ್ ಬತ್ತ್ ಅಂದೇಳಿ ಗೊತ್ತಿತ್ತಲ್ಲೆ. ಹೆದ್ರಿದವ್ನ್ ಕಣ್ಣ್ ಆಚೀಚೆ ಹೋತಿಲ್ಲೆ ಮಾರಾಯ. ಇಂಗ್ಲೆಂಡಂಗೆ ಚೆಂಡ್ ಕಾಂಬುಕ್ ಪಾಪದ್ದ್, ಸಾಧು. ಬಾ, ಹೊಡಿ ಅಂತ್. ಇವ್ರ್ ಕೈ ತನ್ನಷ್ಟಿಗೇ ಮುಂದ್ ಹೋತ್."

"ಹೆದ್ರಿ ಕೂಕಂಡ್ರೆ ರನ್ ಬತ್ತಾ ಅಣ್ಣಯ್ಯ? ಹೊಡಿಕ್ ಅಲ್ದಾ?"

"ಹೊಡಿ. ಯಾರ್ ಬೇಡ ಅಂದದ್? ಯಾವ್ದನ್ ಬಿಡ್ಕ್ ಅಂದೇಳಿ ಗೊತ್ತಾದ್ ಮೇಲೆ ಹೊಡಿ."

ಅವರು ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದುಕೊಳ್ಳಬೇಡಿ. ಒಂದು ಸಲ ಇಂಗ್ಲೆಂಡಿನಲ್ಲಿ ನಮ್ಮವರು ಯಾವ ಭಯವೂ ಇಲ್ಲದೆ ಹೊಡೆದು ಹೊಡೆದೇ ಟೆಸ್ಟ್ ಗೆದ್ದರು. ನಾನು ಬೇಕೆಂದೇ ಲಡ್ಡು ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಲಡ್ಡು ತಿಂದರು, ನೀರು ಕುಡಿದರು, "ಇವತ್ ಅಲ್ಲಿ ಬಿಸ್ಲ್ ಇದ್ದಿತ್, ನೀ ಕಾಣ್ಲಿಲ್ಯಾ?" ಎಂದರು. ಯಾವ ಮಾತಿಗೂ ಒಂದು ಮೋಡವನ್ನೋ ಬಿಸಿಲನ್ನೋ ಅಡ್ಡ ಹಿಡಿದು ತಪ್ಪಿಸಿಕೊಳ್ಳುವ ಮನುಷ್ಯ. ಅವರ ಹೆಂಡತಿ, ನಾನು ಅತ್ತಿಗೆ ಎನ್ನುವುದು, ಒಳಗಿಂದಲೇ ನಕ್ಕು, "ಇವ್ರ್ ಸೋತದ್ದ್ ಒಪ್ಕಂಬುಕೂ ಹೆದ್ರತ್ರ್" ಎಂದಿದ್ದರು. ಅತ್ತಿಗೆಗೆ ಕ್ರಿಕೆಟಿನ ತಲೆಬುಡ ಗೊತ್ತಿರಲಿಲ್ಲ, ಗಂಡನ ತಲೆಬುಡ ಚೆನ್ನಾಗಿ ಗೊತ್ತಿತ್ತು.

ಒಮ್ಮೆ ಮಾತ್ರ, ನಾನು ಕೇಳದೆಯೇ ಅವರು ಇನ್ನೊಂದು ಮಾತು ಹೇಳಿದರು. ಬ್ಯಾಟ್ಸ್‌ಮನ್ ಒಬ್ಬ ದಿನದ ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಹೊರಗೆ ಹೋಗುವ ಚೆಂಡಿಗೆ ಕೈ ಚಾಚಿ ಸ್ಲಿಪ್ಪಿಗೆ ಕೊಟ್ಟ. ನಾನು ರಿಮೋಟನ್ನು ಎಸೆದು ಬಯ್ದೆ. ಅಣ್ಣಯ್ಯ ಬಯ್ಯಲಿಲ್ಲ. ಅವರ ಮುಖ ಬೆಳ್ಳಗಾಗಿತ್ತು.

"ನಡು ಕಡಲ್ ಸುಳ್ ಹೇಳ್ತಿಲ್ಲೆ" ಎಂದರು. "ದೊಡ್ಡ್ ತೆರಿ ಬತ್ತ್, ದೂರ್ದಂಗೇ ಕಾಂತ್. ಸುಳ್ ಹೇಳುದ್ ಅಳ್ವಿ. ಅಲ್ಲಿಂದ್ ಮನಿ ಕಾಂತ್ ಅಲ್ದಾ, ಅದ್ಕೇ."

ಅವರಿಗೊಬ್ಬ ತಮ್ಮನಿದ್ದ. ನಮ್ಮ ತಂಡದ ಮೂರನೇ ಬ್ಯಾಟ್ಸ್‌ಮನ್, ಅವನ ಹಾಗೆ ಚೆಂಡನ್ನು ಹೊಡೆದವರನ್ನು ಈ ತಾಲೂಕಿನಲ್ಲಿ ನಾನು ಆಮೇಲೆ ಕಂಡಿಲ್ಲ. ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ದೋಣಿಗೆ ತಾಂಡೇಲರಾಗಿದ್ದ ಕಾಲ. ಒಂದು ಮಳೆಗಾಲ, ಎರಡೂ ದೋಣಿ ಅಳಿವೆಯ ಹೊರಗೆ ಬಂದು ನಿಂತಿದ್ದವು. ಅಳಿವೆಯೊಳಗೆ ಮರಳ ದಿಬ್ಬ ಇವತ್ತು ಇದ್ದ ಕಡೆ ನಾಳೆ ಇರುವುದಿಲ್ಲ. ಕಡಲಲ್ಲಿ ಉದ್ದಕ್ಕೆ ಮಲಗಿ ಬರುವ ತೆರೆ ಆ ದಿಬ್ಬಕ್ಕೆ ತಾಗಿದ್ದೇ ತಟ್ಟನೆ ಎದ್ದು ಪಕ್ಕಕ್ಕೆ ಮುರಿಯುತ್ತದೆ. ದೋಣಿಯಲ್ಲಿ ಇದ್ದವರಿಗೆ ತೆರೆಯ ಬೆನ್ನು ಮಾತ್ರ ಕಾಣುವುದು, ಅದು ಒಡೆಯುವುದು ಕಾಣುವುದು ದಡದವರಿಗೆ. ಹಾಗಾಗಿ ಹೊರಗೇ ನಿಂತು, ಕೆಟ್ಟ ತೆರೆಗಳನ್ನೆಲ್ಲ ಅಡಿಯಿಂದ ಹೋಗಲು ಬಿಟ್ಟು, ನಡುವೆ ಒಂದು ಬಿಡುವು ಸಿಕ್ಕಾಗ ಕೊನೇ ತೆರೆಯ ಬೆನ್ನು ಹಿಡಿದು ಒಳಗೆ ಬರಬೇಕು. ಅಣ್ಣಯ್ಯ ನಿಂತರು. ತಮ್ಮನಿಗೂ ನಿಲ್ಲು ಎಂದು ಬೈರಾಸು ಬೀಸಿದರು. ಅವನಿಗೆ ಕೇರಿಯ ತೆಂಗಿನಮರಗಳು ಕಾಣುತ್ತಿದ್ದವು, ಮನೆಯ ಅಡುಗೆ ಹೊಗೆ ಕಾಣುತ್ತಿತ್ತು. ಕಂಡದ್ದು ಸಣ್ಣ ತೆರೆ. ನುಗ್ಗಿಸಿದ. ಉಳಿದವರೆಲ್ಲ ಈಜಿ ದಡ ಸೇರಿದರು. ಅವನು ಮಾರನೇ ದಿನ ಸಿಕ್ಕಿದ.

ಆ ದಿನದಿಂದ ಅಣ್ಣಯ್ಯ ತಡೆಗೋಡೆ ಹತ್ತಲಿಲ್ಲ. ದೋಣಿಯಲ್ಲಿ ಅಳಿವೆ ದಾಟುತ್ತಿದ್ದರು, ಅದು ಹೊಟ್ಟೆಪಾಡು. ದಡದಲ್ಲಿ ನಿಂತು ಅಳಿವೆ ನೋಡಲು ಅವರಿಂದ ಆಗುತ್ತಿರಲಿಲ್ಲ.

ಕಳೆದ ಸಲದ ಇಂಗ್ಲೆಂಡ್ ಪ್ರವಾಸದ ಹೊತ್ತಿಗೆ ನಡೆದದ್ದನ್ನು ಈಗ ಹೇಳಬೇಕು. ನಮ್ಮವರು ಅದಕ್ಕೆ ಮೊದಲು ಆಸ್ಟ್ರೇಲಿಯಾದಲ್ಲಿ ಗೆದ್ದು ಬಂದಿದ್ದರು. ನಾನು ಹುರುಪಿನಲ್ಲಿದ್ದೆ, ಅವರು ಎಂದಿನಂತೆ ಬೈರಾಸು ಕಚ್ಚಿಕೊಂಡಿದ್ದರು. ಬೆಳಿಗ್ಗೆ ಕಡಲು ಸುಮ್ಮನಿದ್ದುದರಿಂದ ಮಗ ದೋಣಿ ಇಳಿಸಿದ್ದ. ಮಧ್ಯಾಹ್ನ ಆಟ ಶುರುವಾಗುವ ಹೊತ್ತಿಗೆ ಪಡುವಣ ಕಪ್ಪಾಯಿತು. ಗಾಳಿ ಎದ್ದಿತು. ಚಾವಡಿಯ ಮಾಡಿನ ತಗಡು ಬಡಿಯತೊಡಗಿತು. ಅಣ್ಣಯ್ಯ ಟಿ.ವಿ.ಯ ಸದ್ದು ಪೂರ್ತಿ ಅಡಗಿಸಿಬಿಟ್ಟರು. ಕಣ್ಣು ಟಿ.ವಿ.ಯ ಮೇಲೆ, ಕಿವಿ ಕಡಲಿನ ಮೇಲೆ. ಅಲ್ಲಿಯೂ ಮೋಡ ಮುಚ್ಚಿತ್ತು, ನಮ್ಮ ಒಬ್ಬ ಬ್ಯಾಟ್ಸ್‌ಮನ್ ಪಂದ್ಯ ಉಳಿಸಲು ಒಂದೊಂದೇ ಚೆಂಡು ಬಿಡುತ್ತಾ ನಿಂತಿದ್ದ.

ಫೋನು ಬಂತು. ಅಣ್ಣಯ್ಯ ಅದನ್ನು ನನ್ನ ಕಡೆ ಚಾಚಿದರು, ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದವನು ನಾನು.

"ಅಪ್ಪಯ್ಯ, ಅಳ್ವಿ ಹೊರ್ಗ್ ಇದ್ದೆ. ಇಂಜಿನ್ ಕೆಮ್ಮತ್ತ್. ಎಣ್ಣಿಗ್ ನೀರ್ ಹೋದಂಗ್ ಕಾಂತ್. ಮುಂದಿನ್ ದೋಣಿ ಒಳಗ್ ಹೋಯ್ ಆಯ್ತ್. ನಾನೂ ಬತ್ತೆ."

"ಬಪ್ಪುದ್ ಬೇಡ. ಬಿಡ್."

"ಎಷ್ಟ್ ಹೊತ್ತ್ ಬಿಡುದ್ ಅಪ್ಪಯ್ಯ? ಇಂಜಿನ್ ನಿಂತ್ರೆ ಎಲ್ಲಿಗ್ ಹೋಪ್ದ್?"

ಬಿಡು ಎನ್ನುವುದೊಂದೇ ಅಣ್ಣಯ್ಯನಿಗೆ ಗೊತ್ತಿದ್ದ ವಿದ್ಯೆ, ಅದು ಇಲ್ಲಿ ಸಾಲುತ್ತಿರಲಿಲ್ಲ. ಹೊರಗೇ ನಿಂತು ಇಂಜಿನ್ ಸತ್ತರೆ ದೋಣಿಯನ್ನು ಗಾಳಿ ಎತ್ತಿ ಕಲ್ಲಿಗೆ ಬಡಿಯುತ್ತದೆ. ಒಳಗೆ ನುಗ್ಗಿದರೆ ಚಿಕ್ಕಪ್ಪನ ದಾರಿ. ಟಿ.ವಿ.ಯಲ್ಲಿ ಬೌಲರ್ ಓಡಿ ಬರುತ್ತಿದ್ದ. ಅಣ್ಣಯ್ಯ ಅದನ್ನೇ ನೋಡುತ್ತಿದ್ದರು, ಅಲ್ಲಿಂದ ಯಾರಾದರೂ ಹೇಳಿಕೊಡುತ್ತಾರೆ ಎನ್ನುವವರ ಹಾಗೆ.

ಅತ್ತಿಗೆ ಒಳಗಿಂದ ಬಂದರು. ಟಿ.ವಿ. ಆರಿಸಿದರು.

"ಏಳಿ. ಹೋಯ್ನಿ. ಗ್ವಾಡಿ ಹತ್ತಿ ಕಂಡ್ ಹೇಳಿ ಅವ್ನಿಗ್."

"ನನ್ ಕೈಯಂಗ್ ಆತಿಲ್ಲೆ."

"ನಿಮ್ ಕೈಯಂಗ್ ಆತಿಲ್ಲೆ ಅಂದ್ರೆ ಮತ್ ಯಾರ್ ಕೈಯಂಗ್ ಆತ್? ನಾನೂ ಬತ್ತೆ, ಏಳಿ."

ಮಳೆ ಹನಿ ಮುಖಕ್ಕೆ ಕಲ್ಲು ಹೊಡೆದಂತೆ ಹೊಡೆಯುತ್ತಿತ್ತು. ಅತ್ತಿಗೆ ಮುಂದೆ, ಅವರ ಸೆರಗಿನ ತುದಿ ಹಿಡಿದುಕೊಂಡವರಂತೆ ಅಣ್ಣಯ್ಯ ಹಿಂದೆ, ಕೊನೆಗೆ ನಾನು. ಗೋಡೆಯ ಮೇಲೆ ಹತ್ತಿದ ಮೇಲೆ ಅವರು ಮೊದಲು ಕಣ್ಣು ಮುಚ್ಚಿಕೊಂಡರು. ಆಮೇಲೆ ತೆರೆದರು. ದೂರದಲ್ಲಿ ದೋಣಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಅದರ ಜಾಗದಲ್ಲಿ ಬರೀ ನೀರು. ನನ್ನ ಕಣ್ಣಿಗೆ ಎಲ್ಲ ತೆರೆಯೂ ಒಂದೇ, ಎಲ್ಲವೂ ಸಾವು.

"ಹ್ವಾಯ್ ಮಗ, ಕೇಂತಾ? ನಾ ಇಲ್ಲ್ ಇದ್ದೆ. ಮನಿ ಬದಿ ಕಾಣ್ಬೇಡ. ನನ್ ಸ್ವರ ಮಾತ್ರ ಕೇಣ್. ಬಿಡ್."

ಒಂದು ತೆರೆ ಎದ್ದು ಅಡ್ಡಕ್ಕೆ ಮುರಿಯಿತು. ಅದರ ಹಿಂದೆ ಬಂದದ್ದು ಸಣ್ಣದು. ಅಯ್ಯೋ ಇದೇ, ಬಾ ಎನ್ನಿ ಎಂದು ನನ್ನ ಬಾಯಿಗೆ ಬಂದಿತ್ತು.

"ಇದೂ ಬಿಡ್. ಇದ್ ಪಾಪದಂಗ್ ಕಾಂತ್. ಬಿಡ್."

ಆ ಸಣ್ಣದು ದಿಬ್ಬಕ್ಕೆ ತಾಗಿದ್ದೇ ಮೊದಲಿನದಕ್ಕಿಂತ ಎತ್ತರಕ್ಕೆ ಎದ್ದಿತು. ಫೋನಿನಲ್ಲಿ ಇಂಜಿನ್ನು ಕೆಮ್ಮುವ ಸದ್ದು. ಅಣ್ಣಯ್ಯ ಬೈರಾಸನ್ನು ಹೆಗಲಿಂದ ತೆಗೆದು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಮಗನಿಗೆ ಅದು ಕಾಣುವಂತಿರಲಿಲ್ಲ, ಆದರೂ ಹಿಡಿದಿದ್ದರು. ಮೊಬೈಲ್ ಬರುವ ಮೊದಲು ದಡದವರು ಹಾಗೆಯೇ ಹೇಳುತ್ತಿದ್ದುದು. ಬಿಡ್ ಎಂದರು, ಬಿಡ್ ಎಂದರು. ಒಂದು ದೊಡ್ಡ ತೆರೆ ಬಂತು, ನಾನು ಕಣ್ಣು ಮುಚ್ಚಿದೆ.

"ಬಾ! ಇದ್ರ್ ಬೆನ್ನಿಗ್ ಬಾ! ಬಾ ಮಗ, ಹಿಂದ್ ಕಾಣ್ಬೇಡ, ಬಾ!"

ಕಣ್ಣು ಬಿಟ್ಟಾಗ ದೋಣಿ ಆ ದೊಡ್ಡ ತೆರೆಯ ಬೆನ್ನಿಗೆ ಅಂಟಿಕೊಂಡು ಅಳಿವೆಯೊಳಗೆ ಬರುತ್ತಿತ್ತು. ನದಿಯ ಸಪ್ಪೆ ನೀರಿಗೆ ಬಂದದ್ದೇ ಇಂಜಿನ್ ನಿಂತಿತು. ಕೇರಿಯವರೆಲ್ಲ ಕೇಕೆ ಹಾಕಿ ಓಡಿದರು. ಮಗ ನೀರಿಗೆ ಹಾರಿ ದಡಕ್ಕೆ ಬಂದು ನಗುತ್ತಾ ಎರಡೂ ಕೈ ಮೇಲೆತ್ತಿದ, ನೂರು ಹೊಡೆದವರು ಎತ್ತುವ ಹಾಗೆ. ನಾನು ಅತ್ತೆ. ನಾಚಿಕೆಯಿಲ್ಲದೆ ಅತ್ತೆ.

ಅಣ್ಣಯ್ಯ ಗೋಡೆಯ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಅತ್ತಿಗೆ ಅವರ ತಲೆ ಒರೆಸುತ್ತಾ, "ಇನ್ನಾರೂ ನಿಮ್ ಹೆದ್ರಿಕಿ ಹೋಯ್ತಾ?" ಎಂದು ಕೇಳಿದರು.

ಅವರು ಮಗನನ್ನೇ ನೋಡುತ್ತಿದ್ದರು. ಅವನು ಆಗಲೇ ನಾಲ್ಕು ಜನರ ನಡುವೆ ನಿಂತು ಹೇಗೆ ಬಂದೆ ಎಂದು ಕೈ ತಿರುಗಿಸಿ ತೋರಿಸುತ್ತಿದ್ದ.

"ನಂದ್ ಹಂಗಿರ್ಲಿ. ಅವ್ನ್ ಹೆದ್ರಿಕಿ ಹೋಯ್ತಲ್ಲೆ" ಎಂದರು. "ಇನ್ ಎಂತ ಮಾಡುದ್?"

ಆ ಮಾತು ನನಗೆ ಆ ಸಂತೋಷದಲ್ಲಿ ಅಪಶಕುನದಂತೆ ಕೇಳಿಸಿತು. ಎಂಥ ಮನುಷ್ಯನಪ್ಪ ಎಂದು ಸಿಟ್ಟೂ ಬಂತು. ಮುಂದಿನ ಟೆಸ್ಟಿನಲ್ಲಿ ನಮ್ಮವರು ಮೊದಲ ದಿನವೇ ಒಬ್ಬರ ಹಿಂದೊಬ್ಬರು ಕೈ ಚಾಚಿ ಔಟಾಗುವಾಗ ಅಣ್ಣಯ್ಯ ಅದನ್ನೇ ಬಿಡಿಸಿ ಹೇಳಿದರು. "ಆಸ್ಟ್ರೇಲಿಯಂಗೆ ಗೆದ್ದದ್ದೇ ಇವ್ರಿಗ್ ಮುಳುವಾಯ್ತ್. ಗೆದ್ದ್ ಬಂದವ್ರ್ ಕೈಯಂಗೆ ಹೆದ್ರಿಕಿ ಉಳಿತಿಲ್ಲೆ. ಕಷ್ಟದ್ ಜಾಗಕ್ಕೆ ಹೆದ್ರಿ ಹೋದರ್, ಗೆದ್ರ್. ಈಗ ಎಲ್ಲ ಗೊತ್ತಿತ್ತ್ ಅಂದೇಳಿ ಹೋಯಿರ್."

ಮಗನ ವಿಷಯದಲ್ಲಿ ಅವರು ಹೆದರಿದ್ದು ಸುಳ್ಳಾಗಲಿಲ್ಲ. ಹುಡುಗ ಅಂದಿನಿಂದ ಅಳಿವೆಯನ್ನು ಮನೆಯಂಗಳದ ಹಾಗೆ ಕಂಡ. ಒಂದು ಕೈಯಲ್ಲಿ ಚುಕ್ಕಾಣಿ, ಒಂದು ಕೈಯಲ್ಲಿ ಮೊಬೈಲು. ಮಳೆಗಾಲದಲ್ಲಿ ಅವನು ಇಳಿದ ದಿನವೆಲ್ಲ ಅಣ್ಣಯ್ಯ ದೋಣಿ ಬರುವ ಹೊತ್ತಿಗೆ ಗೋಡೆ ಹತ್ತಿ ನಿಲ್ಲುವರು, ಅವರ ಹಿಂದೆ ಅತ್ತಿಗೆ. ಫೋನು ಮಾಡಿದರೆ ಮಗ ಎತ್ತುತ್ತಿರಲಿಲ್ಲ. ಒಳಗೆ ಬಂದ ಮೇಲೆ, "ಅಪ್ಪಯ್ಯ, ನೀವ್ ಹೋಯಿ ಕ್ರಿಕೆಟ್ ಕಾಣಿ ಮರಾಯ್ರೆ" ಎಂದು ನಗುವನು. ಇವರು ಒದ್ದೆ ಬೈರಾಸು ಹಿಂಡಿ ಹೆಗಲಿಗೆ ಹಾಕಿಕೊಂಡು ಬರುವರು. ಒಮ್ಮೆ ನನ್ನ ಹತ್ತಿರ, "ಅವ ಒಂದ್ ಸಲ ಹೆದ್ರಿದ್ದ್ ಕಂಡ್ ಸತ್ರೆ ಸಾಕಿತ್ತ್" ಎಂದಿದ್ದರು. ಅದನ್ನು ಕಾಣದೆಯೇ ಹೋದರು.

ಇದು ಈ ಮಳೆಗಾಲದ ಮಾತು. ಮತ್ತೆ ಇಂಗ್ಲೆಂಡ್ ಪ್ರವಾಸ. ಅತ್ತಿಗೆಯ ಮಿಕ್ಸಿ ರಿಪೇರಿಯಾಗಿತ್ತು, ಕೊಟ್ಟು ಬರೋಣವೆಂದು ಒಂದು ಮಧ್ಯಾಹ್ನ ಹೋದೆ. ಗಾಳಿ ಜೋರಾಗಿತ್ತು. ಬಾಗಿಲು ತೆರೆದೇ ಇತ್ತು, ಚಾವಡಿಯಲ್ಲಿ ಟಿ.ವಿ. ಸದ್ದಿಲ್ಲದೆ ಓಡುತ್ತಿತ್ತು. ಅವರ ಕುರ್ಚಿ ಖಾಲಿ. ಕುರ್ಚಿಯ ಬೆನ್ನಿಗೆ ಯಾವಾಗಲೂ ಹಾಕಿರುತ್ತಿದ್ದ ಬೈರಾಸು ಇರಲಿಲ್ಲ. ಆಸ್ಟ್ರೇಲಿಯಾದಲ್ಲಿ ರಾಶಿ ರನ್ ಹೊಡೆದು ಬಂದ ಒಬ್ಬ ಹುಡುಗ ಕ್ರೀಸಿನಲ್ಲಿದ್ದ. ಚೆಂಡು ಪಾಪದ್ದಾಗಿ ಬಂತು. ಅವನ ಕೈ ಮುಂದೆ ಹೋಯಿತು. ನಾನು ಖಾಲಿ ಮನೆಯಲ್ಲಿ, "ಬಿಡಾ" ಎಂದು ಕೂಗಿದೆ. ಬಿಡಲಿಲ್ಲ, ಸ್ಲಿಪ್ಪಿನವರು ಹಿಡಿದರು. ಆಗ ಹಿಂದಿನಿಂದ, ಗೋಡೆಯ ಕಡೆಯಿಂದ, ಅದೇ ಮಾತು ಕೇಳಿಸಿತು.

ಮಿಕ್ಸಿಯನ್ನು ಅಲ್ಲೇ ಇಟ್ಟು ಓಡಿದೆ. ಅತ್ತಿಗೆ ಗೋಡೆಯ ಮೇಲೆ ನಿಂತಿದ್ದರು. ತಲೆಗೆ ಬೈರಾಸು, ಕಿವಿಗೆ ಅಣ್ಣಯ್ಯನ ಹಳೇ ಫೋನು. ಆ ನಂಬರನ್ನು ಅವರು ಸಾಯಲು ಬಿಟ್ಟಿರಲಿಲ್ಲ. ಹೊರಗೆ ದೋಣಿ ಏಳುತ್ತಿತ್ತು, ಮುಳುಗುತ್ತಿತ್ತು.

"ಅವ್ನೇ ಫೋನ್ ಮಾಡ್ದ" ಎಂದರು ನನ್ನ ಕಡೆ ತಿರುಗದೆ. "ಅಪ್ಪಯ್ಯನ್ ನಂಬ್ರಿಗ್. ಬಿಡ್ ಮಗ, ಬಿಡ್."

"ಅತ್ತಿಗೆ, ನಿಮ್ಗ್ ತೆರಿ ಗೊತ್ತಾತಾ?"

"ತೆರಿ ನಂಗೆಂತ ಗೊತ್ತಿತ್ತ್? ಹೆದ್ರಿಕಿ ಗೊತ್ತಿತ್ತ್. ಇವ್ರ್ ಹಿಂದೆ ಇಷ್ಟ್ ವರ್ಷ ನಿಂತೆ ಅಲ್ದಾ. ನಂಗ್ ಎದಿ ಹಾರಿದ್ ತೆರಿಗೆಲ್ಲ ಇವ್ರ್ ಬಿಡ್ ಅಂದದ್ದ್ ಕಂಡಿದೆ. ಬಿಡ್, ಇದೂ ಬಿಡ್."

ಒಬ್ಬ ಹೆಂಗಸಿನ ಎದೆಬಡಿತದ ಮೇಲೆ ಅಷ್ಟು ಜನರ ಜೀವ ನಿಂತಿತ್ತು. ತೆರೆ ಬಂತು, ಹೋಯಿತು, ಮತ್ತೊಂದು ಬಂತು. ಅತ್ತಿಗೆಯ ತುಟಿ ನೀಲಿಯಾಗಿತ್ತು. ಆಮೇಲೆ ಅವರ ಭುಜ ಒಂಚೂರೇ ಇಳಿದದ್ದನ್ನು ನಾನು ಕಂಡೆ.

"ಬಾ" ಎಂದರು. ಕೂಗಲೂ ಇಲ್ಲ.

ದೋಣಿ ಒಳಗೆ ಬಂತು. ಕೇರಿಯವರು ಯಾರೂ ಕೇಕೆ ಹಾಕಲಿಲ್ಲ. ಮಗ ನೀರಿಗಿಳಿದು ನಡೆದುಕೊಂಡು ಬಂದ. ಕೈ ಮೇಲೆತ್ತಲಿಲ್ಲ. ಗೋಡೆಯ ಬುಡದಲ್ಲಿ ನಿಂತು ಅಮ್ಮನನ್ನು ನೋಡಿದ.

"ಅಬ್ಬಿ, ಹೆದ್ರಕಂಡ್ಯಾ?"

"ನಂದ್ ಇರ್ಲಿ. ನೀ ಹೆದ್ರಕಂಡ್ಯಾ ಹೇಳ್."

ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಯಿ ತೆರೆದಾಗ ಹಲ್ಲು ಕಟಕಟ ಎನ್ನುತ್ತಿತ್ತು.

"ಹೆದ್ರಿದೆ ಅಬ್ಬಿ. ಸಮಾ ಹೆದ್ರಿದೆ."

ಅತ್ತಿಗೆ ತಲೆಯ ಮೇಲಿನ ಬೈರಾಸು ತೆಗೆದು, ಹಿಂಡಿ, ಬಗ್ಗಿ ಅವನ ಹೆಗಲ ಮೇಲೆ ಹಾಕಿದರು.

"ಹಂಗಾರೆ ಅಡ್ಡಿಲ್ಲೆ" ಎಂದರು.